ಮನೆಯ ಬಾಣಲೆಯಲ್ಲಿ ಹುರಿದ ಕಾಫಿ

ಬಿಸಿಲಿನಲ್ಲಿ ನಡೆದು ಬಂದವರಿಗೆ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಅವರು ದಣಿವಾರಿಸಿಕೊಳ್ಳುವಷ್ಟರಲ್ಲಿ ಒಂದು ಲೋಟ ಕಾಫಿ. ಮಲೆನಾಡಿನ ಮನೆಗಳಲ್ಲಿ ಅತಿಥಿ ಸತ್ಕಾರದ ಕ್ರಮವೇ ಇದು. ಧಾರವಾಡ, ವಿಜಯಪುರ, ಕಲಬುರಗಿ ಕಡೆಯ ಓದುಗ ಬಂಧುಗಳು ‘ನಮ್ಮಲ್ಲಿ ಚಹಾ’ ಎಂದು ನಗಬಹುದು. ನಗಲಿ. ಬಂದವರನ್ನು ಬರಿಗೈಯಲ್ಲಿ ಕಳುಹಿಸಬಾರದೆಂಬ ಕಾಳಜಿ ಎರಡು ಕಡೆಯೂ ಒಂದೇ. ನಾವಿಲ್ಲಿ ಹೇಳಹೊರಟಿರುವುದು ಆ ಒಂದು ಲೋಟ ಕಾಫಿಯ ವಿಚಾರ. ಅದನ್ನು ಮನೆಯಲ್ಲಿಯೇ ಹುರಿದು, ಪುಡಿ ಮಾಡಿ, ಯಾರ ಅಪ್ಪಣೆಗೂ ಕಾಯದೆ ಕುಡಿಯುವ ಸಂತೋಷದ ವಿಚಾರ. ಆ ಸಂತೋಷವನ್ನು ನಮ್ಮ ಮನೆಯಲ್ಲಿ ನಾವೇ ಕೆಲವು ಕಾಲ ಕೆಡಿಸಿಕೊಂಡ ಕಥೆ.

ನಮ್ಮದು ದೊಡ್ಡ ತೋಟವಲ್ಲ. ಅಜ್ಜನವರ ಕಾಲದ ಮೂರೆಕರೆ, ನಡುನಡುವೆ ನೆರಳಿನ ಮರ, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಗಿಡಗಳಲ್ಲಿ ಹೆಚ್ಚಿನವು ಎಸ್. 795 ಎಂಬ ಅರೇಬಿಕಾ ತಳಿಯವು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರದ ಪರಿಶ್ರಮದಿಂದ ಬಂದ ಈ ತಳಿಯನ್ನು ಕಾಣದ ಕಾಫಿ ಸೀಮೆಯಿಲ್ಲ. ನಮ್ಮ ನಾಡಿಗೆ ಕಾಫಿ ಬಂದ ಬಗೆಯನ್ನು ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಪ್ರತೀತಿ ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು.

ಇಷ್ಟು ಕಾಫಿಯ ನಡುವೆ ಬೆಳೆದರೂ ಒಳ್ಳೆಯ ಬೀಜ ಬೆಳೆದವನ ಮನೆಯಲ್ಲಿ ಉಳಿಯುತ್ತಿರಲಿಲ್ಲ. 1942ರ ಕಾಫಿ ಕಾಯಿದೆಯ ಮೇರೆಗೆ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು. ಮನೆ ಬಳಕೆಗೆ ಅಷ್ಟಿಷ್ಟು ಇಟ್ಟುಕೊಳ್ಳಬಹುದಾಗಿತ್ತು. ತೊಂಬತ್ತರ ದಶಕದಲ್ಲಿ ಈ ಕಟ್ಟು ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರನು ತನ್ನ ಬೀಜವನ್ನು ತಾನೇ ಮಾರಲು ಪೂರ್ಣ ಸ್ವತಂತ್ರನಾದನು. ಆದರೆ ಅದುವರೆಗಿನ ದಶಕಗಳಲ್ಲಿ ನಮ್ಮ ಅಡುಗೆಮನೆಯ ಡಬ್ಬಕ್ಕೆ ಬರುತ್ತಿದ್ದುದು ಗಿಡದ ಬುಡದಲ್ಲಿ ಉದುರಿದ್ದನ್ನು ಆರಿಸಿದ್ದು, ಒಡಕು ಬೀಜ, ಬಣ್ಣಗೆಟ್ಟ ಬೀಜ. ಅದನ್ನು ಕುಡಿಯುವ ಹದಕ್ಕೆ ತರುವ ಹೊಣೆ ಮನೆಯ ಹೆಂಗಸರದು. ನಮ್ಮ ತಾಯಿಯವರು ಸೊಸೆಯಾಗಿ ಬಂದ ಮೊದಲ ವರ್ಷವೇ ಅತ್ತೆಯವರಿಂದ ಕಲಿತ ವಿದ್ಯೆ ಅದು.

ಹತ್ತು ಹನ್ನೆರಡು ದಿನಕ್ಕೊಮ್ಮೆ, ಮಧ್ಯಾಹ್ನದ ಊಟ ಮುಗಿದು ಒಲೆಯ ಉರಿ ತಗ್ಗಿದ ಮೇಲೆ, ಕೆಂಡದ ಮೇಲೆ ಕಬ್ಬಿಣದ ಬಾಣಲೆ ಏರುತ್ತಿತ್ತು. ಅದಕ್ಕೆ ಮೊದಲು ಬೀಜವನ್ನು ಮೊರದಲ್ಲಿ ಹರಡಿ, ಕಲ್ಲು ಕಡ್ಡಿ, ತೀರ ಕಪ್ಪಾದ ಕಾಳನ್ನು ಆರಿಸಿ ತೆಗೆಯಬೇಕು. ಹುರಿಯುವಾಗ ತಾಯಿಯವರು ಮಾತನಾಡುತ್ತಿರಲಿಲ್ಲ. ಮಕ್ಕಳು ಗದ್ದಲ ಮಾಡಿದರೆ ಹೊರಗೆ ಹೋಗೆನ್ನುತ್ತಿದ್ದರು. ಹಂಚಿನ ಸಂದಿನಿಂದ ಹೊಗೆ ಹೊರಬಿದ್ದರೆ ಕೇರಿಯ ಕೊನೆಯ ಮನೆಗೂ ಸುದ್ದಿ ಮುಟ್ಟುತ್ತಿತ್ತು. ಆ ದಿನ ಸಂಜೆ ಒಬ್ಬಿಬ್ಬರಾದರೂ ‘ಸುಮ್ಮನೆ ಬಂದೆವು’ ಎಂದು ಬರುವುದು ವಾಡಿಕೆ. ಸುಮ್ಮನೆ ಬರುವ ಸಂಬಂಧ ಎಂಥದೆಂಬುದು ನಮಗೂ ಗೊತ್ತು, ಅವರಿಗೂ ಗೊತ್ತು.

2018ರ ದೀಪಾವಳಿಗೆ ನಮ್ಮ ಅಕ್ಕನ ಅಳಿಯಂದಿರು ಮನೆಗೆ ಬಂದರು. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ, ಸಂಸ್ಕಾರವಂತರು, ಹಿರಿಯರನ್ನು ಕಂಡರೆ ಬಾಗಿ ನಮಸ್ಕರಿಸುವವರು. ಅವರಿಗೆ ಕಾಫಿಯ ಹುಚ್ಚು. ಚೀಲದಿಂದ ಗ್ರಾಂ ತೂಗುವ ಪುಟ್ಟ ತಕ್ಕಡಿ, ಉಷ್ಣಮಾಪಕ, ಕೊಕ್ಕರೆಯ ಕತ್ತಿನಂಥ ಮೂತಿಯ ಕೆಟಲ್, ಕಾಗದದ ಶೋಧಕ ಒಂದೊಂದಾಗಿ ಹೊರಬಂದವು. ತಾಯಿಯವರು ಎಂದಿನಂತೆ ಕಾಫಿ ತಂದುಕೊಟ್ಟರು. ಅಳಿಯಂದಿರು ಒಂದು ಗುಟುಕು ಕುಡಿದು, ಕೆಟ್ಟ ಮನಸ್ಸಿನಿಂದಲ್ಲ, ತಮಗೆ ತಿಳಿದುದನ್ನು ಹೇಳುವ ಉತ್ಸಾಹದಿಂದಲೇ ಹೇಳಿದರು: “ಅಜ್ಜಿ, ಇದು ಕಾಫಿಯ ರುಚಿಯಲ್ಲ, ಸುಟ್ಟದ್ದರ ರುಚಿ. ಹಾಲು, ಸಕ್ಕರೆ, ಚಿಕೋರಿ ಹಾಕಿದ್ದರಿಂದ ಅದು ಗೊತ್ತಾಗುತ್ತಿಲ್ಲ ಅಷ್ಟೆ.”

ತಾಯಿಯವರು “ಇರಬಹುದಪ್ಪ, ನಮಗೆ ತಿಳಿದದ್ದು ಇಷ್ಟೇ” ಎಂದು ಲೋಟ ತೆಗೆದುಕೊಂಡು ಒಳಗೆ ಹೋದರು. ಅಳಿಯಂದಿರ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ನಾವು ಸುಮ್ಮನಿರದೆ, “ಹಳೆಯ ಕಾಲದವರು ಬಿಡಿ, ಅವರಿಗೆ ಇದೆಲ್ಲ ಎಲ್ಲಿ ಗೊತ್ತು” ಎಂದು ನಕ್ಕೆವು. ಒಳಗೆ ಕೇಳಿಸುತ್ತದೆಂಬುದು ನಮಗೆ ಹೊಳೆಯಲೇ ಇಲ್ಲ. ಐವತ್ತು ವರ್ಷ ಆ ಕೈ ಕಾಫಿ ಕುಡಿದು ಬೆಳೆದ ನಾವು ಆಡಿದ ಮಾತದು.

ಹಬ್ಬ ಕಳೆದ ಮೇಲೆ ಬಾಣಲೆ ಅಟ್ಟ ಸೇರಿತು. ಯಾರಾದರೂ ಬಂದರೆ ತಾಯಿಯವರು ಸೊಸೆಯನ್ನು ಕರೆದು “ನೀನೇ ಮಾಡಮ್ಮ” ಎನ್ನತೊಡಗಿದರು. ಪೇಟೆಯಿಂದ ಪುಡಿ ಬಂತು. ಕೋಪವಿಲ್ಲ, ಮಾತಿಲ್ಲ. ನಮಗೋ ಅದನ್ನು ಗಮನಿಸುವ ವ್ಯವಧಾನವಿರಲಿಲ್ಲ. ಅಳಿಯಂದಿರ ಹುಚ್ಚು ನಮಗೂ ಅಂಟಿತ್ತು. ಉಷ್ಣಮಾಪಕ ಕೊಂಡೆವು, ತಕ್ಕಡಿ ಕೊಂಡೆವು, ಒಂದು ನೋಟುಪುಸ್ತಕ ಇಟ್ಟೆವು.

ಹುರಿಯುವಾಗ ಬೀಜದೊಳಗೆ ನಡೆಯುವ ವ್ಯಾಪಾರ ನಿಜಕ್ಕೂ ಸೋಜಿಗದ್ದು, ಅದನ್ನು ಅಲ್ಲಗಳೆಯುವಂತಿಲ್ಲ. ಒಣಗಿಸಿದ ಹಸಿ ಬೀಜದಲ್ಲಿಯೂ ಶೇ. 10ರಿಂದ 12ರಷ್ಟು ನೀರಿರುತ್ತದೆ. ಕಾವಿಗೆ ಮೊದಲು ಆ ನೀರು ಆರುತ್ತದೆ, ಬೀಜ ಹಸಿರಿನಿಂದ ಹಳದಿಗೆ ತಿರುಗಿ ಒಣಹುಲ್ಲಿನಂಥ, ಮುಂದೆ ರೊಟ್ಟಿ ಬೇಯುವಂಥ ವಾಸನೆ ಬರುತ್ತದೆ. ಆಮೇಲೆ ಕಂದು ಬಣ್ಣ. ಸುಮಾರು 196 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಒಳಗಿನ ಆವಿಯ ಒತ್ತಡಕ್ಕೆ ಬೀಜ ಹಿಗ್ಗಿ ಸಿಡಿಯುತ್ತದೆ. ಇದು ಮೊದಲ ಸದ್ದು. ಕಾವು ಇನ್ನೂ ಏರಿ 224ರ ಆಸುಪಾಸಿಗೆ ಬಂದಾಗ ಎರಡನೆಯ ಸದ್ದು, ಅದರ ಹಿಂದೆಯೇ ಮೈಮೇಲೆ ಎಣ್ಣೆಯ ಹೊಳಪು. ಈ ಎರಡು ಸದ್ದುಗಳ ನಡುವಿನ ಕೆಲವೇ ನಿಮಿಷಗಳಲ್ಲಿ ಕಾಫಿಯ ಜಾತಕ ಬರೆಯಲ್ಪಡುತ್ತದೆ. ಒಂದನೆಯ ಸದ್ದಿನ ಬಳಿಕ ಬೇಗ ಇಳಿಸಿದರೆ ಹುಳಿ, ಹಣ್ಣಿನ ಸುವಾಸನೆ. ಎರಡನೆಯದರ ಹತ್ತಿರ ಇಳಿಸಿದರೆ ಕಹಿ, ಗಟ್ಟಿತನ.

ನಾವು ಇದನ್ನೆಲ್ಲ ಬರೆದಿಟ್ಟುಕೊಂಡೆವು. ಒಂದನೆಯ ಸದ್ದಿಗೆ ಇಳಿಸಿದ ತಿಳಿಬಣ್ಣದ ಕಾಫಿಯನ್ನು ಹಾಲಿಲ್ಲದೆ, ಸಕ್ಕರೆಯಿಲ್ಲದೆ ಮನೆಗೆ ಬಂದವರ ಮುಂದಿಟ್ಟು, “ಕಿತ್ತಳೆಯ ವಾಸನೆ ಬರುತ್ತಿದೆಯೇ?” ಎಂದು ಮುಖ ನೋಡತೊಡಗಿದೆವು. ದಣಿದು ಬಂದವರು ಕಾಫಿ ಕುಡಿಯುವುದಕ್ಕೆ ಮೊದಲು ಪರೀಕ್ಷೆಗೆ ಕೂರಬೇಕಾಯಿತು. ಪಕ್ಕದ ಮನೆಯ ಹಿರಿಯರೊಬ್ಬರು ಪ್ರತಿದಿನ ಬೆಳಗಿನ ಕಾಫಿಗೆ ನಮ್ಮ ಜಗಲಿಗೇ ಬರುತ್ತಿದ್ದವರು. ನಾಲ್ಕಾರು ದಿನ ಅರ್ಧ ಲೋಟ ಬಿಟ್ಟೆದ್ದು, ಒಂದು ದಿನ, “ನನಗೆ ಇದರ ರುಚಿ ಹತ್ತೋದಿಲ್ಲಪ್ಪ, ತಪ್ಪು ತಿಳೀಬೇಡ” ಎಂದರು. ಆಮೇಲೆ ಅವರು ಬರುವ ಹೊತ್ತು ಬದಲಾಯಿತು. ಕಾಫಿಯ ವೇಳೆ ತಪ್ಪಿಸಿ ಬರುತ್ತಿದ್ದರು. ಜಗಲಿಯ ಮೇಲೆ ನಾವು, ನಮ್ಮ ತಕ್ಕಡಿ, ಇಬ್ಬರೇ.

ಒಂದು ಭಾನುವಾರ ಬಾಣಲೆಯ ಮುಂದೆ ನಿಂತು ಉಷ್ಣಮಾಪಕದ ಅಂಕಿಯನ್ನೇ ದಿಟ್ಟಿಸುತ್ತಿದ್ದೆವು. ಅದು ಇನ್ನೂ ಸಾಲದೆಂದು ತೋರಿಸುತ್ತಿತ್ತು. ಒಳಕೋಣೆಯಿಂದ ತಾಯಿಯವರ ಧ್ವನಿ ಬಂತು: “ಇಳಿಸಪ್ಪ, ಎರಡನೇ ಸದ್ದು ಶುರುವಾಯ್ತು.” ಕಣ್ಣಿನ ಪೊರೆಯಿಂದ ಆಗ ಅವರಿಗೆ ಎದುರಿಗಿದ್ದವರ ಮುಖವೂ ಮಸುಕು. ಗೋಡೆಯಾಚೆ ಮಲಗಿದ್ದವರು ಕಿವಿಯಿಂದ ಹೇಳಿದ್ದು. ನಾವು ಅಂಕಿಯನ್ನು ನಂಬಿ ಇನ್ನೊಂದು ನಿಮಿಷ ಬಿಟ್ಟೆವು, ಬೀಜ ಇದ್ದಲಾಯಿತು. ಅಂಕಿ ತೋರಿಸುತ್ತಿದ್ದುದು ಬೀಜದ ಕಾವನ್ನಲ್ಲ, ಬಾಣಲೆಯ ಮೇಲಿನ ಗಾಳಿಯದನ್ನು ಎಂದು ತಿಳಿಯಲು ಅಷ್ಟು ಬೀಜ ಸುಡಬೇಕಾಯಿತು.

ಅಂದು ಸಂಜೆ ಅಟ್ಟದಿಂದ ಅವರ ಬಾಣಲೆಯನ್ನು ಇಳಿಸಿದೆವು. ನಾವು ಹಿಂದೆ ಆಡಿದ ಮಾತಿಗೆ ಕ್ಷಮೆ ಕೇಳಬೇಕೆಂದಿದ್ದೆವು, ಬಾಯಿ ಬರಲಿಲ್ಲ. “ಅವ್ವ, ನೀನು ಕೂತು ಹೇಳು, ನಾನು ಹುರೀತೀನಿ” ಎಂದದ್ದಷ್ಟೇ. ಅವರು ಮೊರ ತರಹೇಳಿದರು.

ಅವರು ಹೇಳಿಕೊಟ್ಟುದನ್ನು ಆಸಕ್ತರಿಗಾಗಿ ಇಲ್ಲಿ ಬರೆಯುತ್ತಿದ್ದೇವೆ. ಒಂದು ಸಲಕ್ಕೆ ಕಾಲು ಕಿಲೋ ಬೀಜಕ್ಕಿಂತ ಹೆಚ್ಚು ಹಾಕಬಾರದು. ಹೆಚ್ಚಾದರೆ ಮೇಲಿನದು ಹಸಿ, ಕೆಳಗಿನದು ಕರಿಕು. ದಪ್ಪ ತಳದ ಬಾಣಲೆ ಚೆನ್ನಾಗಿ ಕಾಯಬೇಕು, ಆಮೇಲೆ ಉರಿ ಮಧ್ಯಮ. ಕೈ ನಿಲ್ಲಬಾರದು, ಮರದ ಸೌಟಿನಿಂದ ಕೆಳಗಿನದು ಮೇಲಕ್ಕೆ ಬರುವಂತೆ ತಿರುವುತ್ತಲೇ ಇರಬೇಕು. ಗ್ಯಾಸ್ ಒಲೆಯ ಮೇಲೆ ನಮಗೆ ಸಾಮಾನ್ಯವಾಗಿ ಹದಿನೈದು ನಿಮಿಷ ಹಿಡಿಯುತ್ತದೆ. ಅರಳು ಸಿಡಿದಂತೆ ಬಿಡಿಬಿಡಿಯಾಗಿ ‘ಪಟ್ ಪಟ್’ ಎನ್ನುವುದು ಮೊದಲ ಸದ್ದು. ಅದು ನಿಂತು ಸ್ವಲ್ಪ ಹೊತ್ತು ಮೌನ. ಈ ಮೌನದಲ್ಲಿ ಉರಿ ತಗ್ಗಿಸಬೇಕು. ಒಣಗಿದ ತರಗೆಲೆ ತುಳಿದಂತೆ ‘ಚಿಟಚಿಟ’ ಎಂದು ಕೇಳತೊಡಗಿದ್ದೇ ಎರಡನೆಯದು. ಅದರ ನಾಲ್ಕೈದು ಚಿಟುಕು ಕೇಳಿದೊಡನೆ ಬಾಣಲೆ ಇಳಿಸಿ, ಅಷ್ಟನ್ನೂ ಮೊರಕ್ಕೆ ಸುರಿದುಬಿಡಬೇಕು. ಬಾಣಲೆಯಲ್ಲಿಯೇ ಬಿಟ್ಟರೆ ಉರಿ ಇಲ್ಲದಿದ್ದರೂ ಬೀಜ ತನ್ನ ಕಾವಿನಲ್ಲಿ ತಾನೇ ಬೇಯುತ್ತ ಹೋಗುತ್ತದೆ. ಮೊರದಲ್ಲಿ ಕೇರಿದರೆ ಸುಲಿದ ತೆಳುಪೊರೆಯೂ ಹಾರಿಹೋಗುತ್ತದೆ, ಬೀಜವೂ ಆರುತ್ತದೆ. ಈ ಕೆಲಸ ಅಂಗಳದಲ್ಲಿಯೇ ಆಗಬೇಕು; ಅಡುಗೆಮನೆಯಲ್ಲಿ ಮಾಡಿದರೆ ಹೊಟ್ಟು ಗುಡಿಸುವವರ ಮಾತು ಕೇಳಬೇಕಾಗುತ್ತದೆ.

ಕಾಲು ಕಿಲೋ ಹಸಿ ಬೀಜ ಹುರಿದು ಇಳಿಸಿದಾಗ ಇನ್ನೂರು ಗ್ರಾಂಗಿಂತ ತುಸು ಹೆಚ್ಚು ತೂಗುತ್ತದೆ, ಗಾತ್ರ ಮಾತ್ರ ಒಂದೂವರೆ ಪಟ್ಟು. ಹುರಿದ ಬೀಜ ಒಂದೆರಡು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಆದುದರಿಂದ ಒಂದು ರಾತ್ರಿಯಾದರೂ ಡಬ್ಬದ ಮುಚ್ಚಳವನ್ನು ಬಿಗಿಯದೆ ಇಡಬೇಕು. ಬಿಗಿದಿಟ್ಟ ಡಬ್ಬದ ಮುಚ್ಚಳ ನಡುರಾತ್ರಿ ಹಾರಿ ಮನೆಯವರನ್ನೆಲ್ಲ ಎಬ್ಬಿಸಿದ್ದುಂಟು. ಹಸಿ ಬೀಜ ತೇವ ತಾಗದಂತಿದ್ದರೆ ತಿಂಗಳುಗಟ್ಟಲೆ ಕೆಡದು; ಹುರಿದದ್ದು ಎರಡು ಮೂರು ವಾರ; ಪುಡಿಯ ಸುವಾಸನೆ ದಿನದಿನಕ್ಕೂ ಇಳಿಯುತ್ತದೆ. ಬೇಕಾದಷ್ಟೇ ಹುರಿ, ಬೇಕಾದಷ್ಟೇ ಪುಡಿ ಮಾಡು ಎಂದು ಅತ್ತೆಯಂದಿರು ಹೇಳುತ್ತಿದ್ದುದು ಜಿಪುಣತನದಿಂದಲ್ಲ.

ಇನ್ನು ಅಳಿಯಂದಿರ ಆಕ್ಷೇಪದ ವಿಚಾರ. ಅವರ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ನಮ್ಮ ಮನೆಯ ಹಳೆಯ ಬೀಜ ನಿಜಕ್ಕೂ ಕೆಳದರ್ಜೆಯದಾಗಿತ್ತು. ಈಗ ಮಾರುವ ಸ್ವಾತಂತ್ರ್ಯವಿರುವಂತೆ ಒಳ್ಳೆಯದನ್ನು ಉಳಿಸಿಕೊಳ್ಳುವ ಸ್ವಾತಂತ್ರ್ಯವೂ ನಮಗಿದೆ, ಉಳಿಸಿಕೊಳ್ಳುತ್ತಿದ್ದೇವೆ. ಪರಿಣತರು ಕಾಫಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಟ್ಟು, ಎಂಬತ್ತು ದಾಟಿದ್ದನ್ನು ಬೇರೆ ತೆಗೆಯುವುದು ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು ತರುವ ಕೆಲಸ. ನಾವದನ್ನು ಹಳಿಯಲಾರೆವು. ಸಂತೆಯ ತಕ್ಕಡಿ ಸಂತೆಯಲ್ಲಿರಬೇಕು.

ಆದರೆ ‘ಸುಟ್ಟದ್ದು’ ಎಂಬುದನ್ನು ನಾವು ಈಗ ಒಪ್ಪುವುದಿಲ್ಲ. ನಮ್ಮ ಕಾಫಿಗೆ ಹಾಲು ಬೀಳುತ್ತದೆ, ಅದೂ ಧಾರಾಳವಾಗಿ. ತಿಳಿಯಾಗಿ ಹುರಿದ ಬೀಜದ ನವುರಾದ ಹುಳಿ, ಹೂವಿನ ವಾಸನೆ ಹಾಲಿನಲ್ಲಿ ಮುಳುಗಿ ಕಾಣೆಯಾಗುತ್ತದೆ. ಹಾಲನ್ನು ಗೆದ್ದು ನಿಲ್ಲಬೇಕಾದರೆ ಹುರಿತ ಗಾಢವಾಗಬೇಕು, ಡಿಕಾಕ್ಷನ್ ಗಟ್ಟಿಯಾಗಬೇಕು. ಮನೆಯ ಹೆಂಗಸರು ಹುರಿತದ ಹದವನ್ನು ಅಲ್ಲಿಗೆ ಒಯ್ದು ನಿಲ್ಲಿಸಿದ್ದು ತಿಳಿಯದೆ ಅಲ್ಲ. ಹಾಗೆಯೇ, ಗಾಢವಾಗಿ ಹುರಿದ ಕಾಫಿ ‘ಸ್ಟ್ರಾಂಗ್’ ಎಂದು ಹೆದರುವವರೂ ಇದ್ದಾರೆ. ಹುರಿತದಿಂದ ಕೆಫೀನ್ ಅಂಶ ಹೇಳುವಂತೆ ಹೆಚ್ಚುವುದಿಲ್ಲ. ಅದು ಬೀಜದ ಜಾತಿಯನ್ನವಲಂಬಿಸಿದ್ದು. ರೊಬಸ್ಟಾದಲ್ಲಿ ಅರೇಬಿಕಾಕ್ಕಿಂತ ಸುಮಾರು ಇಮ್ಮಡಿ. ನಿದ್ರೆ ಬಾರದೆನ್ನುವ ಹಿರಿಯರು ವಿಚಾರಿಸಬೇಕಾದುದು ಇದನ್ನು.

ಚಿಕೋರಿಯ ಮೇಲಿನ ತಾತ್ಸಾರವೂ ಅಷ್ಟೇ. ಅದೊಂದು ಗಿಡದ ಬೇರು, ಹುರಿದು ಪುಡಿ ಮಾಡಿದ್ದು, ಕೆಫೀನ್ ಇಲ್ಲ. ನೆಪೋಲಿಯನ್ ಕಾಲದ ನಿರ್ಬಂಧಗಳಿಂದ ಯೂರೋಪಿನಲ್ಲಿ ಕಾಫಿ ಸಿಗದೆ ಹೋದಾಗ ಅಲ್ಲಿಯವರೇ ಅದನ್ನು ಹೆಚ್ಚಾಗಿ ಬಳಕೆಗೆ ತಂದರು. ಅಭಾವದಲ್ಲಿ ಬಂದದ್ದು ಎಷ್ಟೋ ಮನೆಗಳಲ್ಲಿ ರುಚಿಯಾಗಿ ಉಳಿದಿದೆ. ಡಿಕಾಕ್ಷನ್‌ಗೆ ಬಣ್ಣ, ಮಂದತನ ಕೊಡುತ್ತದೆ. ನಮ್ಮಲ್ಲಿ ಐದು ಪಾಲಿನಲ್ಲಿ ಒಂದು ಪಾಲು ಬೆರೆಸುತ್ತೇವೆ, ಬೇಡವಾದವರು ಬಿಡಬಹುದು. ಅಂಗಡಿಯ ಪುಡಿ ಕೊಳ್ಳುವವರು ಮಾತ್ರ ಪೊಟ್ಟಣದ ಮೇಲಿನ ಸಣ್ಣಕ್ಷರ ಓದಬೇಕು. ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಕೂಡದು, ಪ್ರಮಾಣವನ್ನು ಮುದ್ರಿಸಲೇಬೇಕು ಎಂಬುದು ನಿಯಮ. ಅರ್ಧಕ್ಕರ್ಧ ಬೇರನ್ನು ಕಾಫಿಯ ಬೆಲೆಗೆ ಕೊಂಡು ‘ಹದ ಬರಲಿಲ್ಲ’ ಎಂದು ಸೊಸೆಯನ್ನು ದೂರುವುದು ನ್ಯಾಯವಲ್ಲ.

ಕಾಫಿಯ ತವರಾದ ಇಥಿಯೋಪಿಯಾದ ಪದ್ಧತಿಯನ್ನು ನಾವು ಓದಿ ತಿಳಿದು ತಾಯಿಯವರಿಗೆ ಹೇಳಿದೆವು. ಅಲ್ಲಿ ಇಂದಿಗೂ ಅತಿಥಿಗಳ ಎದುರಿನಲ್ಲಿಯೇ ಮನೆಯಾಕೆ ಹಸಿ ಬೀಜ ತೊಳೆದು, ಕೆಂಡದ ಮೇಲೆ ಅಗಲ ಬಾಣಲೆಯಲ್ಲಿ ಹುರಿಯುತ್ತಾಳೆ. ಹುರಿದ ಬಾಣಲೆಯನ್ನು ಕುಳಿತವರ ಬಳಿಗೆ ಒಯ್ದರೆ ಪ್ರತಿಯೊಬ್ಬರೂ ಹೊಗೆಯನ್ನು ಮೂಗಿಗೆ ಎಳೆದುಕೊಳ್ಳುತ್ತಾರೆ. ಒರಳಿನಲ್ಲಿ ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ, ಅದೇ ಪುಡಿಗೆ ಮತ್ತೆ ಮತ್ತೆ ನೀರೆರೆದು ಮೂರು ಸರದಿ ಬಡಿಸುತ್ತಾರೆ: ಅಬೋಲ್, ತೋನಾ, ಬರಕಾ. ಮೂರನೆಯದು ತೀರ ತೆಳು. ಆದರೆ ಅದರ ಹೆಸರಿಗೆ ಆಶೀರ್ವಾದವೆಂದು ಅರ್ಥ, ಅದನ್ನು ಕುಡಿಯದೆ ಏಳುವುದು ಸರಿಯಲ್ಲವಂತೆ. ತಾಯಿಯವರು ಕೇಳಿಸಿಕೊಂಡು, “ನಮ್ಮತ್ತೆಯವರೂ ಗಸಿಗೆ ಎರಡನೇ ಸಲ ನೀರು ಹಾಕೋರು. ಅದನ್ನ ಮಾತ್ರ ನಾವು ಕುಡೀತಿದ್ವಿ, ಬಂದವರಿಗೆ ಕೊಡ್ತಿರಲಿಲ್ಲ” ಎಂದು ನಕ್ಕರು.

ತೋಟವಿಲ್ಲದವರು ಏನು ಮಾಡಬೇಕೆಂದು ಕೇಳಬಹುದು. ಬೀಜ ಹುರಿದು ಮಾರುವ ಕಾಫಿ ಪುಡಿಯ ಅಂಗಡಿಯಲ್ಲಿ ಕೇಳಿದರೆ ಹಸಿ ಬೀಜ ಕೊಡುವವರುಂಟು. ಪ್ಲಾಂಟೇಷನ್ ಎಂದರೆ ಹಣ್ಣು ಸುಲಿದು ತೊಳೆದು ಒಣಗಿಸಿದ ಅರೇಬಿಕಾ. ಚೆರಿ ಎಂದರೆ ಹಣ್ಣನ್ನು ಇಡಿಯಾಗಿ ಒಣಗಿಸಿ ಸಿಪ್ಪೆ ತೆಗೆದದ್ದು. ಪೀಬೆರಿ ಎಂದರೆ ಹಣ್ಣಿನಲ್ಲಿ ಜೋಡಿಯ ಬದಲು ಒಂಟಿಯಾಗಿ ಗುಂಡಗೆ ಬೆಳೆದ ಬೀಜ. ಬಾಣಲೆಯಲ್ಲಿ ಪೀಬೆರಿ ಗೋಲಿಯಂತೆ ಉರುಳುವುದರಿಂದ ಸಮನಾಗಿ ಹುರಿಯುವುದು ಸುಲಭ; ಹೊಸಬರು ಅದರಿಂದ ಆರಂಭಿಸಿದರೆ ಒಳ್ಳೆಯದು. ಮೊದಲೆರಡು ಸಲ ಕೆಡುತ್ತದೆ. ಕೆಟ್ಟದ್ದನ್ನೂ ಕುಡಿಯಬಹುದು, ಬೆಲ್ಲ ಸ್ವಲ್ಪ ಮುಂದಾಗಿ ಹಾಕಿದರಾಯಿತು.

ಪಕ್ಕದ ಮನೆಯ ಹಿರಿಯರು ಈಗ ಮೊದಲಿನ ಹೊತ್ತಿಗೇ ಬರುತ್ತಾರೆ. ನಮ್ಮ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಹಾಲಿನ ಲೆಕ್ಕ ಬರೆಯಲಾಗುತ್ತಿದೆ. ಶಸ್ತ್ರಚಿಕಿತ್ಸೆಯ ನಂತರ ತಾಯಿಯವರಿಗೆ ಕಣ್ಣು ತಿಳಿಯಾಗಿದೆ. ಆದರೂ ಹುರಿಯುವಾಗ ಕಣ್ಣು ಮುಚ್ಚಿಕೊಂಡೇ ಕೂರುತ್ತಾರೆ. ಕಳೆದ ವಾರ ಬೀಜ ಆರಿಸುತ್ತಿದ್ದಾಗ, ಅಕ್ಕನ ಮಗಳು ಮತ್ತು ಅಳಿಯಂದಿರು ಶನಿವಾರ ಬರುತ್ತಾರೆಂದು ದೂರವಾಣಿ ಬಂತು. ತಾಯಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊರವನ್ನು ನಮ್ಮ ಕಡೆಗೆ ಸರಿಸಿದರು. “ಅಳಿಯಂದಿರಿಗೆ ಬೇಕಾದ ಹಾಗೆ ಒಂದು ಹಿಡಿ ಬೇರೆ ಹುರಿ, ಮೊದಲನೇ ಸದ್ದಿಗೆ ತೆಗೆದುಬಿಡು” ಎಂದರು. “ನಮ್ಮದಕ್ಕೂ ಇನ್ನೊಂದು ಹಿಡಿ ಜಾಸ್ತಿ ಹಾಕು.”